ನಮ್ಮ ಟ್ರಕ್ಕಿನ ಟೈಮಿಂಗ್ ಬೆಲ್ಟ್ ನಾನೇ ಬದಲಿಸಿದ್ದು

ನನ್ನ ಪಿಕಪ್ ಟ್ರಕ್ ಓಡಿದ್ದು ಬರೀ 70,000 ಕಿಲೋಮೀಟರ್. ಆದರೆ ಒಳಗಿನ ಟೈಮಿಂಗ್ ಬೆಲ್ಟ್‌ಗೆ ಆಗಲೇ 11 ವರ್ಷ. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ದಂಡ, ವಾಲ್ವ್ ತೆರೆಯುವ ಕ್ಯಾಮ್ ದಂಡ, ಇವೆರಡೂ ತಾಳ ತಪ್ಪದೆ ತಿರುಗುವಂತೆ ಹಿಡಿದಿಡುವ ಹಲ್ಲಿನ ಪಟ್ಟಿ ಅದು. ರಬ್ಬರ್ ಅಲ್ವಾ, ಗಾಡಿ ನಿಂತಲ್ಲೇ ನಿಂತರೂ ಅದಕ್ಕೆ ವಯಸ್ಸಾಗುತ್ತದೆ. ಅದಕ್ಕೇ ಮ್ಯಾನುಯಲ್‌ನಲ್ಲಿ ಕಿಲೋಮೀಟರ್ ಜೊತೆ ವರ್ಷದ ಲೆಕ್ಕವೂ ಇರುತ್ತದೆ. ಇದು ಇಂಟರ್‌ಫಿಯರೆನ್ಸ್ ಎಂಜಿನ್ ಬೇರೆ, ಅಂದರೆ ಪಿಸ್ಟನ್ ಮತ್ತು ತೆರೆದ ವಾಲ್ವ್ ಒಂದೇ ಜಾಗಕ್ಕೆ ಬರುವಂಥದ್ದು. ಓಡುವಾಗ ಬೆಲ್ಟ್ ತುಂಡಾದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ, ವಾಲ್ವ್ ಬಾಗುತ್ತದೆ. ಆಮೇಲೆ ಹೆಡ್ ಇಳಿಸದೆ ಗತಿಯಿಲ್ಲ.

ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕೂಲೆಂಟ್ ಇಳಿಸಿ, ಫ್ಯಾನ್ ಮತ್ತು ಹೊರಗಿನ ಬೆಲ್ಟ್‌ಗಳನ್ನು ತೆಗೆದೆ. ಕ್ರ್ಯಾಂಕ್ ಪುಲ್ಲಿಯ ಬೋಲ್ಟ್ ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಬೋಲ್ಟ್‌ಗೆ ಬಾರ್ ಸಿಕ್ಕಿಸಿ ಸ್ಟಾರ್ಟರ್ ಹೊಡೆದು ಸಡಿಲ ಮಾಡುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ, ಕೈ ಮುರಿಯುವ ಕೆಲಸ ಅದು. ಪುಲ್ಲಿ ಹಿಡಿಯುವ ಟೂಲ್ ಕೂರಿಸಿ, ಬ್ರೇಕರ್ ಬಾರ್‌ಗೆ ಪೈಪ್ ತೊಡಿಸಿ ಮೈಭಾರ ಬಿಟ್ಟೆ. ಟಕ್ ಅಂತ ಬಿಟ್ಟುಕೊಂಡಿತು.

ಒಂದನೇ ಸಿಲಿಂಡರನ್ನು ಟಿಡಿಸಿಗೆ (ಪಿಸ್ಟನ್ ತುತ್ತತುದಿಯಲ್ಲಿರುವ ಸ್ಥಾನ) ತಂದು, ಕ್ರ್ಯಾಂಕ್ ಮತ್ತು ಕ್ಯಾಮ್ ಗುರುತು ಸರಿಯಾಗಿ ಕೂತ ಮೇಲೆ ಫೋಟೊ ತೆಗೆದು ಬೆಲ್ಟ್ ಬಿಚ್ಚಿದೆ. ನೋಡಿದರೆ ಚೆನ್ನಾಗೇ ಇದೆ! ಸುಮ್ನೆ ಬಿಚ್ಚಿದೆನಾ ಅನ್ನಿಸಿತು. ಹಿಂದಕ್ಕೆ ಮಡಿಸಿ ಬೆಳಕಿಗೆ ಹಿಡಿದಾಗ ಹಲ್ಲುಗಳ ಬುಡದಲ್ಲಿ ಕೂದಲೆಳೆಯಂಥ ಸೀಳುಗಳು ಬಾಯಿಬಿಟ್ಟವು. ಬೆಲ್ಟಿಗೆ ದಾರಿ ತೋರಿಸುವ ಐಡ್ಲರ್ ಪುಲ್ಲಿಯನ್ನು ಬೆರಳಲ್ಲಿ ತಿರುಗಿಸಿದೆ. ಹೊಸದಾದರೆ ಗ್ರೀಸ್ ಹಿಡಿತಕ್ಕೆ ಮೆಲ್ಲಗೆ ನಿಲ್ಲುತ್ತದೆ. ಇದು ಗರಗರ ಅನ್ನುತ್ತಾ ಸುತ್ತುತ್ತಲೇ ಇತ್ತು. ವಾಟರ್ ಪಂಪ್ ಕೆಳಗೆ ಕೂಲೆಂಟ್ ಒಣಗಿದ ಬಿಳಿ ಕಲೆ, ಕ್ಯಾಮ್ ಸೀಲ್ ಹತ್ತಿರ ಆಯಿಲ್ ಜಿನುಗು. ಬೆಲ್ಟ್ ಒಂದನ್ನೇ ಹಾಕಿ ಮುಚ್ಚಿದ್ದರೆ ಇವುಗಳಲ್ಲಿ ಯಾವುದಾದರೊಂದು ಹೊಸ ಬೆಲ್ಟನ್ನೂ ತಿನ್ನುತ್ತಿತ್ತು. ಪಂಪ್, ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್, ಐಡ್ಲರ್, ಕ್ಯಾಮ್ ಮತ್ತು ಕ್ರ್ಯಾಂಕ್ ಸೀಲ್ ಎಲ್ಲಾ ಹೊಸದು ಹಾಕಿದೆ.

ಹೊಸ ಬೆಲ್ಟ್ ಕೂರಿಸಿ, ಟೆನ್ಷನರನ್ನು ಒತ್ತಿ ಹಿಡಿದಿದ್ದ ಪಿನ್ ಎಳೆದೆ. ಆಮೇಲೆ ಸ್ಪಾನರ್ ಹಾಕಿ ಎಂಜಿನ್ ತಿರುಗುವ ದಿಕ್ಕಿನಲ್ಲೇ ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿದೆ. ಕ್ರ್ಯಾಂಕ್ ಎರಡು ಸುತ್ತು ಹಾಕಿದರೆ ಕ್ಯಾಮ್ ಒಂದು ಸುತ್ತು, ಗುರುತುಗಳು ಮತ್ತೆ ಎದುರುಬದುರು ಬರಬೇಕು. ಕ್ರ್ಯಾಂಕ್ ಗುರುತು ಸರಿಯಾಗಿ ಬಂತು. ಕ್ಯಾಮ್ ಮಾತ್ರ ಒಂದು ಹಲ್ಲು ಆಚೆ. ಟೆನ್ಷನರ್ ಇಲ್ಲದ ಕಡೆ ಬೆಲ್ಟನ್ನು ಬಿಗಿಯಾಗಿ ಎಳೆದು ಹಿಡಿಯದೆ ಕೂರಿಸಿದ್ದೆ, ಪಿನ್ ಎಳೆದಾಗ ಆ ಸಡಿಲ ಈ ಕಡೆ ಬಂದು ಕ್ಯಾಮ್ ಜರುಗಿತ್ತು. ಬೇಜಾರಾದರೂ ಪೂರ್ತಿ ಬಿಚ್ಚಿದೆ. ಟೆನ್ಷನರನ್ನು ವೈಸ್‌ನಲ್ಲಿ ಬಲು ನಿಧಾನಕ್ಕೆ ಒತ್ತಿ ಮತ್ತೆ ಪಿನ್ ಹಾಕಿದೆ. ಅವಸರ ಮಾಡಿದರೆ ಅದರ ಒಳಗಿನ ಸೀಲ್ ಹಾಳಾಗುತ್ತದೆ. ಈ ಸಲ ಎರಡಲ್ಲ, ನಾಲ್ಕು ಸುತ್ತು ತಿರುಗಿಸಿ ನೋಡಿದೆ. ಗುರುತು ಕೂದಲಷ್ಟೂ ಜರುಗಲಿಲ್ಲ.

ಕ್ರ್ಯಾಂಕ್ ಬೋಲ್ಟನ್ನು ಟಾರ್ಕ್ ರೆಂಚ್‌ನಲ್ಲಿ ಮ್ಯಾನುಯಲ್ ಹೇಳಿದಷ್ಟೇ ಬಿಗಿದೆ. ಕೂಲೆಂಟ್ ತುಂಬಿ ಗಾಳಿ ತೆಗೆದು ಸ್ಟಾರ್ಟ್ ಮಾಡಿದೆ. ಮೊದಲಿದ್ದ ಸಣ್ಣ ಗರಗರ ಸದ್ದು ಇಲ್ಲ. ಅದು ಐಡ್ಲರ್‌ದು ಅಂತ ಆಗಲೇ ಗೊತ್ತಾಗಿದ್ದು. ಕವರ್ ಮೇಲೆ ಪೇಂಟಿನಲ್ಲಿ ಕಿಲೋಮೀಟರ್ ಬರೆದೆ, ಪಕ್ಕದಲ್ಲೇ ತಿಂಗಳು, ವರ್ಷವನ್ನೂ ಬರೆದೆ.