ಇದ್ದಿಲಿನ ಕೆಟಲ್ ಗ್ರಿಲ್‌ನ ಮುಚ್ಚಳ ಸರಿಯಾಗಿ ಕೂರದಿದ್ದರೆ

ಕೆಟಲ್ ಗ್ರಿಲ್‌ನಲ್ಲಿ, ಅಂದರೆ ದುಂಡು ಬೋಗುಣಿಗೆ ಗುಮ್ಮಟದಂಥ ಮುಚ್ಚಳವಿರುವ ಇದ್ದಿಲೊಲೆಯಲ್ಲಿ, ಉರಿಯು ಗಾಳಿಕಿಂಡಿಗಳ ಹಿಡಿತದಲ್ಲಿರಬೇಕು. ಮುಚ್ಚಳ ಸರಿಯಾಗಿ ಕೂರದಿದ್ದರೆ ಸಂದಿನಿಂದ ಗಾಳಿ ನುಗ್ಗಿ, ಕಿಂಡಿಗಳನ್ನು ಮುಚ್ಚಿದರೂ ಕೆಂಡ ಬೇಗ ಆರುವುದಿಲ್ಲ. ಗ್ರಿಲ್ ಪೂರ್ತಿ ತಣ್ಣಗಾದ ಮೇಲೆ ಅಂಚಿಗೆ ಅಂಟಿದ ಜಿಡ್ಡು, ಮಸಿಯನ್ನು ಉಜ್ಜಿ ತೆಗೆಯಿರಿ; ಎಷ್ಟೋ ಬಾರಿ ದೋಷ ಅಲ್ಲಿಗೇ ಮುಗಿಯುತ್ತದೆ. ಆಮೇಲೂ ಸಂದು ಉಳಿದರೆ ಮುಚ್ಚಳವನ್ನು ಕಾಲು ಸುತ್ತು ತಿರುಗಿಸಿ ನೋಡಿರಿ: ಸಂದು ಜೊತೆಗೇ ಸರಿದರೆ ಮುಚ್ಚಳ ಸೊಟ್ಟಗಾಗಿದೆ, ಇದ್ದಲ್ಲೇ ಉಳಿದರೆ ಕೆಳಗಿನ ಬೋಗುಣಿ ಸೊಟ್ಟಗಾಗಿದೆ.

ಸೊಟ್ಟಗಾದುದರ ವ್ಯಾಸವನ್ನು ಹಲವು ದಿಕ್ಕುಗಳಲ್ಲಿ ಟೇಪು ಹಿಡಿದು ಅಳೆದು, ಅತಿ ಹೆಚ್ಚು ಅಳತೆ ಬಂದ ಕಡೆಯ ಎರಡೂ ತುದಿಗಳಿಗೆ ಗುರುತು ಹಾಕಿ, ಒಂದು ತುದಿಯನ್ನು ಮಡಿಸಿದ ಗೋಣಿತಾಟಿನ ಮೇಲೆ ಊರಿ, ಇನ್ನೊಂದನ್ನು ಅಂಗೈಗಳಿಂದ ನಿಧಾನವಾಗಿ ಒತ್ತಬೇಕು. ತಗಡು ಸ್ವಲ್ಪ ಹಿಂದಕ್ಕೆ ಚಿಮ್ಮುವುದರಿಂದ ಬೇಕಾದುದಕ್ಕಿಂತ ತುಸು ಹೆಚ್ಚೇ ಒತ್ತಿ, ಪ್ರತಿ ಸಲವೂ ಅಳೆಯುವುದು ಲೇಸು. ಸುತ್ತಿಗೆಯಂತೂ ಬೇಡವೇ ಬೇಡ: ಎನಾಮಲ್ ಲೇಪ ಗಾಜಿನ ಜಾತಿಯದು, ಪೆಟ್ಟಿಗೆ ಚಕ್ಕೆಯೆದ್ದ ಜಾಗಕ್ಕೆ ಮೈಸೂರಿನ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ.

ಉಳಿದ ಸಣ್ಣ ಸಂದಿಗೆ ಶಾಖ ತಾಳುವ ಫೆಲ್ಟ್ (ಒತ್ತಿದ ನಾರಿನ ದಪ್ಪ ಬಟ್ಟೆ) ಪಟ್ಟಿಯನ್ನು ಅಂಚಿನ ಸುತ್ತ ಅಂಟಿಸಿದರೆ ಸಾಕು. ಅದಕ್ಕಾಗಿ ಮೈಸೂರಿನ ಸಂತೇಪೇಟೆಯ ಅಂಗಡಿಗಳ ಕಡೆ ವಿಚಾರಿಸಬಹುದು. ಕುಕ್ಕರಿನ ಹಳೆಯ ರಬ್ಬರನ್ನು ಕತ್ತರಿಸಿ ಅಂಟಿಸುವ ಜಾಣತನ ಇಲ್ಲಿ ನಡೆಯುವುದಿಲ್ಲ. ಅದು ಸುಟ್ಟು, ಮಾಂಸಕ್ಕೂ ನಾತ ಹತ್ತಿಸುತ್ತದೆ.