ಚಾರ್ಜಿಗೆ ಹಾಕಿದರೆ ಕಾರ್ ಸ್ಟೀರಿಯೋದಲ್ಲಿ ಕುಯ್ಯೆನ್ನುವ ಸದ್ದು: ಸರಿಹೋದದ್ದು ಹೀಗೆ

ಫೋನನ್ನು ಆಕ್ಸ್ ಕೇಬಲ್‌ನಿಂದ ಸ್ಟೀರಿಯೋಗೆ ಜೋಡಿಸಿ, ಕಾರ್ ಚಾರ್ಜರ್‌ಗೂ ಸಿಕ್ಕಿಸಿದರೆ ಹಾಡಿನ ಹಿಂದೆ ಕುಯ್ಯೆನ್ನುವ ಸದ್ದು. ಸಂಪಾಜೆ ಘಾಟಿ ಹತ್ತುವಾಗ ಆಕ್ಸಿಲರೇಟರ್ ಒತ್ತಿದಷ್ಟೂ ಅದು ಏರುತ್ತಿತ್ತು. ಕೇಬಲ್ ಬದಲಿಸಿದ್ದು, ಚಾರ್ಜರ್ ಬದಲಿಸಿದ್ದು, ಮಳೆಗಾಲದ ತೇವವಿರಬಹುದೆಂದು ಸಾಕೆಟ್ ಒರೆಸಿದ್ದು, ಯಾವುದೂ ಉಪಯೋಗಕ್ಕೆ ಬರಲಿಲ್ಲ.

ಚಾರ್ಜರ್ ಕಿತ್ತ ತಕ್ಷಣ ಸದ್ದು ನಿಂತರೆ ಅದು ಗ್ರೌಂಡ್ ಲೂಪ್. ಚಾರ್ಜರ್ ಮತ್ತು ಸ್ಟೀರಿಯೋ ಎರಡರಿಂದಲೂ ಫೋನಿಗೆ ಗ್ರೌಂಡ್ (ವಿದ್ಯುತ್ ಮರಳುವ ದಾರಿ) ಸಿಕ್ಕಿ, ಎಂಜಿನ್ ತಿರುಗಿದಾಗ ವಿದ್ಯುತ್ ಕೊಡುವ ಆಲ್ಟರ್ನೇಟರಿನ ಗದ್ದಲ ಆಕ್ಸ್ ತಂತಿಗೆ ಇಳಿಯುತ್ತದೆ. 3.5 ಮಿ.ಮೀ. ಗ್ರೌಂಡ್ ಲೂಪ್ ಐಸೊಲೇಟರನ್ನು ಫೋನ್ ಮತ್ತು ಸ್ಟೀರಿಯೋ ನಡುವಿನ ಆಕ್ಸ್ ಕೇಬಲಿಗೆ ಹಾಕಬೇಕು, ಚಾರ್ಜರ್ ಕಡೆಗಲ್ಲ. ಅದರೊಳಗಿನ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್‌ಗಳು ಹಾಡನ್ನು ದಾಟಿಸುತ್ತವೆ, ಗ್ರೌಂಡನ್ನು ದಾಟಲು ಬಿಡುವುದಿಲ್ಲ. ನಂತರ ಫೋನಿನ ವಾಲ್ಯೂಮ್ ಶೇ. 80ರಿಂದ 90ಕ್ಕೆ ಇಟ್ಟು, ಏರಿಸುವುದು ಇಳಿಸುವುದೆಲ್ಲ ಸ್ಟೀರಿಯೋದಲ್ಲೇ. ಅಗ್ಗದ ಐಸೊಲೇಟರ್ ಬಾಸ್ ಸ್ವಲ್ಪ ತಿನ್ನುತ್ತದೆ. ಸ್ಟೀರಿಯೋದ ಬಾಸ್ ಒಂದೆರಡು ಅಂಕಿ ಏರಿಸಿದರೆ ಸಾಕು.