ಪೋರ್ಸಲಿನ್ ಟೈಲ್ಸ್ ಚಕ್ಕೆ ಏಳದಂಗ ಕೊಯ್ದದ್ದು

ಹುಬ್ಬಳ್ಳಿ ಉಣಕಲ್‌ನ ನಮ್ಮ ಮನೆ ಬಚ್ಚಲಕ್ಕ 2 ಅಡಿಯ ಪೋರ್ಸಲಿನ್ ಟೈಲ್ಸ್ ತಂದಿದ್ದೆ. ಕೈಯಾಗ ಹಿಡಿಯೋ 4 ಇಂಚಿನ ಮಾರ್ಬಲ್ ಕಟರ್‌ಲೆ ಕೊಯ್ದರ ಅಂಚೆಲ್ಲ ಇಲಿ ಕಡಿದಂಗ. ಮೂರು ಟೈಲ್ಸ್ ಹಾಳಾದವು, ಹೊಟ್ಟೆ ಉರೀತು.

"ಅಣ್ಣಾರ, ಮಷಿನ್ ಬೈಬ್ಯಾಡ್ರಿ, ಬ್ಲೇಡ್ ನೋಡ್ರಿ" ಅಂದ ಗೌಂಡಿ. ಖರೇನ. ಅದು ಕಾಂಕ್ರೀಟ್ ಕೊಯ್ಯೋ, ಅಂಚಿನಾಗ ಸಂದಿ ಇದ್ದ ಸೆಗ್ಮೆಂಟ್ ಬ್ಲೇಡ್. ಪೋರ್ಸಲಿನ್ ನೀರು ಹೀರೋದು ಶೇ. 0.5ಕ್ಕಿಂತ ಕಡಿಮಿ, ಅಷ್ಟು ಬಿರುಸು. ಸಂದಿ ಇಲ್ಲದ ತೆಳು ಅಂಚಿನ ಡೈಮಂಡ್ ಬ್ಲೇಡೇ ಬೇಕು.

ಉದ್ದನೆ ನೇರ ಕೊಯ್ತಕ್ಕ ಕೆಳಗ ನೀರಿನ ಟ್ರೇ ಇರೋ ಟೇಬಲ್ ಕಟರ್ ಬಾಡಿಗಿಗೆ ತಂದೆ. ನೀರಿನಿಂದ ಬ್ಲೇಡ್ ಕಾಯೂದಿಲ್ಲ, ಎದಿಗೆ ಕೆಟ್ಟದ್ದಾದ ಸಿಲಿಕಾ ಧೂಳೂ ಕಡಿಮಿ. ಹೊಳಪಿನ ಮುಖ ಮ್ಯಾಲ ಇಟ್ಟು, ಗೆರಿ ಮ್ಯಾಲ ಮಾಸ್ಕಿಂಗ್ ಟೇಪ್ ಹಚ್ಚಿ, ದೂಡದ ನಿಧಾನ ಬಿಟ್ಟೆ. ಮೂಲಿ ಮುರಿಯೋದು ಕಡೀ ಒಂದು ಇಂಚಿನಾಗ. ಅದಕ್ಕ ಮೊದಲು ಆ ತುದಿಯಿಂದ ಒಂದು ಇಂಚು ಕೊಯ್ದು, ಆಮ್ಯಾಲ ಟೈಲ್ಸ್ ತಿರುಗಿಸಿ ಈ ಕಡೆಯಿಂದ ಬಂದು ಕೂಡಿಸಿದೆ. ಅಂಚಿನ ಮ್ಯಾಲ ಬೆರಳು ಆಡಿಸಿದರ ಗಾಜಿನಂಗ ನುಣುಪು!

ನಳದ ಸುತ್ತಿನ ಸಣ್ಣ ಕೊಯ್ತಕ್ಕ ಮಾತ್ರ ಅದೇ ಹಳೇ ಕಟರ್, ಹೊಸ ಬ್ಲೇಡ್. ನೀರು, ಕರೆಂಟು ಕೂಡೋ ಕೆಲಸ, 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರ ತಾನ ಲೈನ್ ಕಡಿಯೋ ಸ್ವಿಚ್) ಇಲ್ಲದ ಪ್ಲಗ್ಗಿಗೆ ಹಾಕಬ್ಯಾಡ್ರಿ.